ಅರ್ಧಕ್ಕೆ ನಿಂತವುಗಳು

ಪೆರ್ಲ
೧೨ ಜನವರಿ ೨೦೧೫

ನನ್ನ ಮುದ್ದಿನ ರಂಜನಿಗೆ ಅಮ್ಮನ ಆಶೀರ್ವಾದ.

ಊಟ ಮಾಡ್ತಿದ್ದೀಯಾ? ಮೊದಲು ಅದನ್ನು ಹೇಳು. ನೀನು ಫೋನ್ ಎತ್ತುವುದಿಲ್ಲ, ಎತ್ತಿದರೆ ನಾನು ಅಳ್ತೇನೆ, ಅದಕ್ಕೆ ಬರೆಯುವುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಸರಿಮಾಡಿ ಓದಿಕೊ.

ಹೋದ ವಾರ ಅಳಿಯಂದಿರು ಹೈದರಾಬಾದಿನಿಂದ ಫೋನ್ ಮಾಡಿದ್ದರು. ನೀನು ಲ್ಯಾಬ್ ಬಿಡ್ತೇನೆ ಅಂತ ಅಲ್ಲಿಯ ದೊಡ್ಡ ಮೇಡಮ್ಮಿಗೆ ಹೇಳಿದ್ದೀಯಂತೆ. ಮಗು ಏಳನೇ ತಿಂಗಳಲ್ಲೇ ಹುಟ್ಟಿ ಹೋದದ್ದು ನೀನು ಸ್ವೆಟರ್ ಹಾಕಿ ಲ್ಯಾಬಿನ ಆ ತಂಡಿ ಕೋಣೆಯಲ್ಲಿ ನಿಂತದ್ದರಿಂದ ಅಂತ. ನಿನ್ನ ಅತ್ತೆ ಹೇಳಿದ್ದಿರಬೇಕು, ನನಗೆ ಗೊತ್ತುಂಟು. ಇಲ್ಲಿ ಪಕ್ಕದ ಮನೆಯ ಲೋಲಾಕ್ಷಿಯೂ, ಗರ್ಭಿಣಿಯನ್ನು ಫ್ರಿಜ್ಜಿನೊಳಗೆ ಇಟ್ಟರೆ ಮತ್ತೆಂತ ಆಗ್ತದೆ ಮಾರಾಯ್ತಿ ಅಂದಳು. ಅವಳೊಟ್ಟಿಗೆ ಮಾತು ಬಿಟ್ಟಿದ್ದೇನೆ. ಆದರೆ ಒಲೆ ಮುಂದೆ ಒಬ್ಬಳೇ ಕೂತರೆ ನನಗೂ ಹೆದರಿಕೆ, ಹೌದೋ ಏನೋ ಅಂತ. ತಡೆಯದೆ, ಅಳಿಯಂದಿರು ಕಳಿಸಿದ್ದ ನಿನ್ನ ಆಸ್ಪತ್ರೆ ರಿಪೋರ್ಟಿನ ಕಾಪಿ ಹಿಡಿದು ಪುತ್ತೂರು ಬಸ್ಸು ಹತ್ತಿದೆ. ಮಾಸು ಹೆರಿಗೆಗೆ ಮೊದಲೇ ಗರ್ಭಕೋಶದಿಂದ ಬಿಟ್ಟುಕೊಂಡಿತ್ತು, ತಂಡಿಗೂ ಅದಕ್ಕೂ ಸಂಬಂಧ ಇಲ್ಲ ಅಂದರು ಅಲ್ಲಿಯ ಹೆರಿಗೆ ಡಾಕ್ಟರು. ಮತ್ತೆ ಮತ್ತೆ ಕೇಳಿದೆ. ಎಷ್ಟು ಸಲ ಕೇಳ್ತೀರಿ ಅಮ್ಮ, ಮಗಳದ್ದು ತಪ್ಪಿಲ್ಲ ಅಂತ ಗದರಿಸಿದರು.

ಹೋದ ವರ್ಷದ ಚಳಿಗೆ ನೀನು ಬಂದಿದ್ದಾಗ, ದೋಸೆ ಹಿಟ್ಟು ಹುಳಿ ಬರಲಿಲ್ಲ ಅಂತ ನಾನು ಗೊಣಗುವಾಗ, ನಿನ್ನ ಕೆಲಸ ಎಂತದ್ದು ಅಂತ ಹೇಳಿದ್ದಿ. ಬ್ಯಾಕ್ಟೀರಿಯದ ಒಳಗೆ ಬೀಸುವ ಕಲ್ಲಿನ ಹಾಗೆ ಎರಡು ಹೋಳಿನ ಯಂತ್ರ ಉಂಟು, ರೈಬೋಸೋಮ್ ಅಂತ, ಅದರಲ್ಲೇ ಪ್ರೊಟೀನ್ ತಯಾರಾಗುವುದು. ಆ ಹೋಳುಗಳೇ ಚೂರು ಚೂರು ಸೇರಿ ಆಗಬೇಕು, ತಂಡಿ ಹೆಚ್ಚಾದರೆ ಜೋಡಣೆ ಅರ್ಧಕ್ಕೆ ನಿಲ್ಲುತ್ತದೆ. ಹಾಗಾದರೆ ಹಾಳಾಗ್ತವಾ ಅಂತ ಕೇಳಿದೆ. ಇಲ್ಲಮ್ಮ, ಕಾಯ್ತವೆ ಅಂದಿ. ಒಲೆ ಇಲ್ಲದೆ ತಂಡಿಯಲ್ಲಿ ಹೇಗೆ ಕಾಯುವುದು ಅಂತ ನಾನು. ನೀನು ಹೊಟ್ಟೆ ಹಿಡಿದು ನಕ್ಕಿದ್ದಿ. ಬಿಸಿಯಾಗುವುದಲ್ಲ ಅಮ್ಮ, ದಾರಿ ನೋಡುವುದು, ಬೆಚ್ಚಗಾದರೆ ಎಷ್ಟೋ ಹೋಳು ನಿಂತಲ್ಲಿಂದಲೇ ಮುಂದೆ ಸೇರಿಕೊಳ್ತವೆ ಅಂತ.

ನಮ್ಮ ಕೂಸು ಕಾಯಲಿಲ್ಲ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟರೂ ನಿಲ್ಲಲಿಲ್ಲ. ನಿನ್ನ ಬ್ಯಾಕ್ಟೀರಿಯ ಬೇರೆ, ಕೂಸು ಬೇರೆ. ಎರಡನ್ನೂ ಒಂದು ಮಾಡಿ ನಿನ್ನನ್ನು ನೀನೇ ತಿನ್ನಬೇಡ ಮಗಳೇ.

ಸ್ವಲ್ಪ ದಿನಕ್ಕೆ ಬಾ. ಮಡಿಲಲ್ಲಿ ಕೂಸಿಲ್ಲದಿದ್ದರೂ ನೀನು ಬಾಣಂತಿಯೇ. ಎಣ್ಣೆ ಹಚ್ಚಿ ನಾಲ್ಕು ಚೆಂಬು ಬಿಸಿನೀರು ನಿನಗೆ ಯಾರೂ ಹೊಯ್ಯಲಿಲ್ಲ. ಆಮೇಲೆ ಲ್ಯಾಬಿಗೆ ಹೋಗು. ಬಿಟ್ಟರೆ ತಂಡಿಯಿಂದಲೇ ಅಂತ ಅವರೆಲ್ಲ ಹೇಳಿದ್ದನ್ನು ನೀನೇ ಒಪ್ಪಿದ ಹಾಗೆ.

ನಿನ್ನದೇ ಚಿಂತೆಯಲ್ಲಿರುವ ಅಮ್ಮ,
ದೇವಕಿ

ತಾ.ಕ.: ಮೇಲೆ ಬರೆಯಲಿಕ್ಕೆ ಕೈ ಬರಲಿಲ್ಲ. ನಿನಗಿಂತ ಮೊದಲು ನನಗೊಂದು ಗಂಡು ಕೂಸು ಹುಟ್ಟಿತ್ತು. ಹೆಸರಿಡುವ ಮೊದಲೇ ಹೋಯಿತು. ಬಸುರಿಯಾಗಿದ್ದಾಗ ಹಲಸಿನ ಹಣ್ಣು ತಿಂದಳು, ಉಷ್ಣ ಆಯಿತು ಅಂದರು ಎಲ್ಲರೂ. ನಾನು ಯಾವ ಡಾಕ್ಟರನ್ನೂ ಕೇಳಲಿಲ್ಲ, ನಂಬಿದೆ. ಆಮೇಲೆ ಒಂದು ತೊಳೆ ಬಾಯಿಗೆ ಹಾಕಿದವಳಲ್ಲ. ಇಷ್ಟ ಇಲ್ಲ ಅಂತ ನಿನಗೆ ಹೇಳುತ್ತಿದ್ದದ್ದು ಸುಳ್ಳು. ನನಗೆ ತುಂಬ ಇಷ್ಟ.