ಅಂಚಿನ ಮೊಣಕೈ

ಶುಕ್ರವಾರ, ೮ ಫೆಬ್ರುವರಿ ೧೯೨೪. ಕಲಬುರ್ಗಿ.

ನನ್ನಂತೆಯೇ ಚೀಟಿ ಕೂಡಿಸುವ ಗುರುರಾಜರಾಯರ ಚೀಟಿ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. ಸಿಗರೇಟು ಪೆಟ್ಟಿಗೆಯೊಳಗೆ ಬರುವ ಕ್ರಿಕೆಟ್ ಆಟಗಾರನ ಚಿತ್ರ. ಅಚ್ಚಿನವರು ಸೊಟ್ಟಗೆ ಕತ್ತರಿಸಿದ್ದರಿಂದ ಪಕ್ಕದ ಆಟಗಾರನ ಮೊಣಕೈಯೂ ಅಂಚಿನಲ್ಲಿ ಉಳಿದುಬಿಟ್ಟಿದೆ. ನನ್ನದೂ ಹೀಗೆಯೇ ಇತ್ತು. ಹೋದ ವರ್ಷ ಅಳತೆಪಟ್ಟಿ ಇಟ್ಟು ಆ ಮೊಣಕೈಯನ್ನು ತೆಗೆದುಹಾಕಿ, ನೆಟ್ಟಗಾಯಿತೆಂದು ಹಿಗ್ಗಿದ್ದೆ.

ಇಂದು ಕಮಲಾಪುರದ ಸಂತೆಯಲ್ಲಿ ನಾವಿಬ್ಬರೂ ಚೀಟಿ ತೋರಿಸಿದಾಗ ಎಲ್ಲರೂ ರಾಯರ ಚೀಟಿಯನ್ನೇ ಮುತ್ತಿದರು. ಬಾಳೆಹಣ್ಣಿನ ಚಂದಮ್ಮ ಕೂಡ, "ಯಪ್ಪಾ, ಇವಗ ಮೂರು ಕೈ ಅದಾವ! ಮನಶಾನೋ ದೇವರೋ?" ಎಂದು ನಕ್ಕಳು. ನನ್ನದನ್ನು ಯಾರೂ ಕೈಗೆ ತೆಗೆದುಕೊಳ್ಳಲಿಲ್ಲ.

"ರಾಯರ, ಇದು ಕೆಟ್ಟ ಮಾಲು. ಅಂಚು ಕತ್ತರಿಸಿಬಿಡ್ರಿ, ಬೆಲೆ ಬರ್ತದ" ಎಂದೆ. ಸುಳ್ಳು. ಬೆಲೆ ಇರುವುದೇ ಆ ತಪ್ಪಿಗೆ.

ಅವರು ತಟ್ಟನೆ ಚೀಟಿಯನ್ನು ನನ್ನ ಕೈಗಿಟ್ಟರು. "ನೀವೇ ಕತ್ತರಿಸಿ ಕೊಡ್ರಿ. ನಿಮ್ಮಷ್ಟು ನೆಟ್ಟಗ ಯಾರಿಗಿ ಬರ್ತದ?"

ಈಗ ಅದು ನಾನು ಓದುತ್ತಿರುವ ಬಂಗಾಲಿ ಕಾದಂಬರಿಯ ಅನುವಾದದೊಳಗಿದೆ. ಎರಡು ಸಲ ಕತ್ತರಿ ಎತ್ತಿಕೊಂಡೆ, ಎರಡು ಸಲ ಇಟ್ಟೆ. ಕತ್ತರಿಸಿದರೆ ಅವರದೂ ನನ್ನದರಂತೆಯೇ ಆಗುತ್ತದೆ. ಹಾಗೆಯೇ ಕೊಟ್ಟರೆ ನಾಳೆಯೂ ಜನ ಅವರನ್ನೇ ಮುತ್ತುತ್ತಾರೆ. ಅವರು ನನ್ನನ್ನು ನಂಬಿದ್ದೇ ಎಲ್ಲಕ್ಕಿಂತ ಹೆಚ್ಚು ಉರಿಸುತ್ತಿದೆ. ಚೀಟಿ ಕೇಳಲು ಬೆಳಿಗ್ಗೆ ಬರುತ್ತಾರೆ. ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು ಎಂದು ನಾನು ಹೇಳಿಬಿಟ್ಟರೆ…