ಹಿಂದಕ್ಕೆ ನಡೆದ ನೆರಳು

ಹದಿನಾಲ್ಕನೇ ತಾರೀಖು, ಬುಧವಾರ
ಮಧ್ಯಾಹ್ನ ಮೂರು ಗಂಟೆ, ಮಗು ಮಲಗಿರುವಾಗ

ನನ್ನ ಪ್ರೀತಿಯ ಅಮ್ಮನಿಗೆ,

ನಿನ್ನ ಗುಬ್ಬಿಯ ನಮಸ್ಕಾರ. ಸ್ಕೆಚ್ ಪೆನ್ನಿನಲ್ಲಿ ಒಂದೊಂದು ಅಕ್ಷರವನ್ನೂ ಹೆಬ್ಬೆರಳಿನಷ್ಟು ದಪ್ಪಗೆ ಯಾಕೆ ಬರೆದಿದ್ದಾಳೆ ಇವಳು ಅಂತ ಬೈಯಬೇಡ. ಕಾರಣವಿದೆ, ಮುಂದೆ ಹೇಳುತ್ತೇನೆ.

ನನ್ನ ಚಿಕ್ಕಂದಿನ ಚಿತ್ರದ ಪುಸ್ತಕವನ್ನು ಬಿಚ್ಚಿ, ಹೊಸದಾಗಿ ಹೊಲಿದು, ಮೊಮ್ಮಗಳಿಗೆಂದು ನೀನು ಕಳಿಸಿ ಹತ್ತು ದಿನವಾಯಿತು. ಮಗುವಿಗೆ ಅದನ್ನು ಇನ್ನೂ ತೋರಿಸಿಲ್ಲ. ನಾನೇ ಓದುತ್ತಿದ್ದೇನೆ. ಭಾನುವಾರ ಬಂದಿದ್ದ ನಮ್ಮತ್ತೆ ಬಾಗಿಲಲ್ಲೇ ನಿಂತು, "ಎಂ.ಎ. ಓದಿದವಳು ನಾಯಿ ಬೊಂಬೆ ನೋಡ್ತಾ ಕೂತಿದ್ದಾಳೆ, ಮಗು ತೊಟ್ಟಿಲಲ್ಲಿ ಪೇಪರ್ ಓದ್ತಾ ಇರಬೇಕು" ಅಂದರು. ಇವರು, "ಅವಳಿಗೆ ಹಲ್ಲು ಬರೋದರೊಳಗೆ ಮುಗಿಸಿಬಿಡು, ಆಮೇಲೆ ಪುಸ್ತಕಾನೇ ತಿಂದುಹಾಕ್ತಾಳೆ" ಅಂದರು. ನಾನೂ ನಕ್ಕೆ.

ನಗುವ ವಿಷಯ ಅಲ್ಲಮ್ಮ. ಹೆರಿಗೆಯಾಗಿ ನಾಲ್ಕು ತಿಂಗಳಾಯಿತು, ಅವತ್ತಿನಿಂದ ನನಗೆ ಓದಲಾಗುತ್ತಿಲ್ಲ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಜಾರಿರುತ್ತದೆ. ಔಷಧಿ ಬಾಟಲಿಯ ಮೇಲಿನ ಚೀಟಿಯನ್ನು ಐದು ಸಲ ಓದಿ, ಕೊನೆಗೆ ಇವರನ್ನೇ ಕೇಳುತ್ತೇನೆ. ನಿದ್ದೆಯಿಲ್ಲ. ಮಲಗಿದ ಮಗು ಉಸಿರಾಡುತ್ತಿದೆಯೇ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುವುದೇ ಕೆಲಸ. ಫೋನಿನಲ್ಲಿ "ಚೆನ್ನಾಗಿದ್ದೀನಮ್ಮ" ಅನ್ನುತ್ತಿದ್ದೆನಲ್ಲ, ಸುಳ್ಳು. ನನ್ನ ತಲೆ ಕೆಟ್ಟುಹೋಗಿದೆ, ಇಂಥವಳ ಕೈಯಲ್ಲಿ ಮಗು ಹೇಗೆ ಬೆಳೆಯುತ್ತದೆ ಎಂಬ ಹೆದರಿಕೆ ಬಿಟ್ಟಿರಲಿಲ್ಲ.

ಆಗ ಬಂತು ನಿನ್ನ ಪುಸ್ತಕ. ಒಂದಕ್ಷರವೂ ಇಲ್ಲ. ಒಬ್ಬ ಅಂಚೆಯವನು, ಒಂದು ಪೊಟ್ಟಣ, ಊರೆಲ್ಲ ಸುತ್ತಾಟ, ಪ್ರತಿ ಪುಟದಲ್ಲೂ ಎಲ್ಲೋ ಅಡಗಿರುವ ಮೋಟು ಬಾಲದ ನಾಯಿ. ಚಿಕ್ಕವಳಾಗಿದ್ದಾಗ ನಾಯಿ ಸಿಕ್ಕ ಕೂಡಲೇ ಪುಟ ತಿರುಗಿಸಿಬಿಡುತ್ತಿದ್ದೆ, ಕಥೆಯ ಕಡೆ ನೋಡಿದ್ದೇ ಇಲ್ಲ. ಈಗ ಮನಸ್ಸೇ ಬರುವುದಿಲ್ಲ. ಕ್ಷೌರದಂಗಡಿಯ ಕನ್ನಡಿಯೊಳಗೆ ಗಿರಾಕಿ ಬಾಯಿ ತೆರೆದು ನಿದ್ದೆಹೋಗಿದ್ದಾನೆ. ಮೂರನೇ ಮಹಡಿಯ ಕಿಟಕಿಯಲ್ಲಿ ಒಬ್ಬಳು ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಾಳೆ, ಜಡೆ ಅರ್ಧ ಬಿಚ್ಚಿಹೋಗಿದೆ. ಅವಳ ಚಿತ್ರ ಬರೆದವರಿಗೆ ನನ್ನ ಪರಿಚಯವಿದ್ದಿರಬೇಕು. ಇದೆಲ್ಲ ಮಕ್ಕಳ ಕಣ್ಣಿಗೆ ಬೀಳುತ್ತದೆಯೇ? ಅಕ್ಷರವನ್ನು ಅರ್ಧಕ್ಕೆ ಬಿಟ್ಟೆದ್ದರೆ ಮುನಿಸಿಕೊಳ್ಳುತ್ತದೆ, ಮತ್ತೆ ಮೊದಲಿನಿಂದ ಬಾ ಅನ್ನುತ್ತದೆ. ಚಿತ್ರ ಹಾಗಲ್ಲ. ಮಗು ಅತ್ತಿತು, ಎದ್ದುಹೋದೆ, ಬಟ್ಟೆ ಬದಲಿಸಿ ಬಂದೆ. ಅಂಚೆಯವನು ಎತ್ತಿದ ಕಾಲು ಇಳಿಸದೆ ಕಾಯುತ್ತಿದ್ದ.

ಆದರೆ ಕಥೆ ಮಾತ್ರ ಹಿಡಿಯಲಿಲ್ಲ. ನಡುವಿನಲ್ಲೇ ಪೊಟ್ಟಣ ಒಬ್ಬ ಅಜ್ಜಿಯ ಕೈ ಸೇರುತ್ತದೆ. ಪುಟ ತಿರುಗಿಸಿದರೆ ಅದು ಮತ್ತೆ ಅಂಚೆಯವನ ಕಂಕುಳಲ್ಲಿ! ಮೂರು ಸಲ ನೋಡಿದೆ. ಬೊಂಬೆ ಪುಸ್ತಕವೂ ಅರ್ಥವಾಗದ ಸ್ಥಿತಿಗೆ ಬಂದೆನಲ್ಲ ಎಂದು ಮುಚ್ಚಿಟ್ಟು ಅತ್ತುಬಿಟ್ಟೆ.

ನಿನ್ನೆ ಸುಮ್ಮನೆ ನೆರಳುಗಳನ್ನು ನೋಡುತ್ತಿದ್ದೆ. ಮೊದಲ ಪುಟಗಳಲ್ಲಿ ಬೆಳಗಿನ ಉದ್ದನೆಯ ನೆರಳು. ಅಜ್ಜಿಯ ಮನೆಯ ಹತ್ತಿರ ಸಂಜೆ, ಬೀದಿದೀಪ ಹತ್ತಿವೆ. ಅದರ ಮುಂದಿನ ಪುಟದಲ್ಲಿ ನೆರಳು ಕಾಲ ಕೆಳಗೆ ಮುದುಡಿದೆ, ಅಂದರೆ ನಡುಮಧ್ಯಾಹ್ನ. ಹೊತ್ತು ಹಿಂದಕ್ಕೆ ಹೋಗುವುದುಂಟೇ? ಅಲ್ಲಿಂದ ಕೊನೆಯವರೆಗಿನ ಎಂಟು ಪುಟಗಳನ್ನು ಮನಸ್ಸಿನಲ್ಲೇ ಸಂಜೆಯ ಪುಟಗಳಿಗಿಂತ ಮೊದಲು ತಂದು ಜೋಡಿಸಿದೆ. ಕಥೆ ಸರಾಗವಾಗಿ ಸಾಗಿತು. ನನ್ನ ತಲೆ ನೆಟ್ಟಗಿದೆ ಅಮ್ಮ! ತಪ್ಪಿದ್ದು ಪುಟಗಳ ಸರದಿ. ಮಗುವನ್ನು ಎತ್ತಿಕೊಂಡು ಕುಣಿದೆ.

ಕುಣಿತ ಅರ್ಧಕ್ಕೇ ನಿಂತಿತು. ಹೊಲಿದವಳು ನೀನು. ಮೂವತ್ತು ವರ್ಷ ಬೈಂಡಿಂಗ್ ಮಾಡಿದವಳು. ಮಡಿಸಿದ ಹಾಳೆಗಳ ಬೆನ್ನಿನ ಮೇಲೆ ಸರದಿ ತೋರಿಸುವ ಕಪ್ಪು ಗುರುತುಗಳು ಮೆಟ್ಟಿಲಿನ ಹಾಗೆ ಇಳಿದು ಬರಬೇಕೆಂದು ನನಗೆ ಆರನೇ ವಯಸ್ಸಿಗೇ ಕಲಿಸಿದವಳು. ಒಂದು ಮೆಟ್ಟಿಲು ತಪ್ಪಿದರೂ, "ಓದೋರು ಬಿದ್ದು ಕಾಲು ಮುರ್ಕೋತಾರೆ ಕಣೇ" ಅನ್ನುತ್ತಿದ್ದೆ. ಹೊಲಿಗೆ ಈಗಲೂ ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ, ಅದು ನಿನ್ನ ಕೈಗೆ ಗೊತ್ತು. ಗುರುತು ಮಾತ್ರ ಕಣ್ಣಿಗೆ ಕಾಣಿಸಿಲ್ಲ. ಮೊನ್ನೆ ಫೋನಿನಲ್ಲಿ "ಪ್ರೆಸ್ಸಲ್ಲಿ ಸ್ವಲ್ಪ ದಿನ ರಜೆ ಕೊಟ್ಟಿದ್ದಾರೆ" ಅಂದೆಯಲ್ಲ, ಅದು ಎಂಥ ರಜೆ ಅಂತ ಈಗ ತಿಳಿಯಿತು. ಎಷ್ಟು ದಿನದಿಂದ ಕಣ್ಣು ಮಂಜಾಗಿದೆ? ಈ ದಪ್ಪ ಅಕ್ಷರಕ್ಕೆ ಅದೇ ಕಾರಣ. ಸುಳ್ಳು ಹೇಳುವುದರಲ್ಲಿ ತಾಯಿ ಮಗಳು ಒಂದೇ ಅಚ್ಚು.

ಬಾ ಅಮ್ಮ. ಸೂಜಿ, ದಾರ, ಅಂಟಿನ ಡಬ್ಬಿ ಹಿಡಿದುಕೊಂಡು ಬಾ. ಇಲ್ಲಿ ಒಳ್ಳೆಯ ಕಣ್ಣಿನ ಡಾಕ್ಟರಿದ್ದಾರೆ. ಪುಸ್ತಕ ಬಿಚ್ಚೋಣ, ಮೆಟ್ಟಿಲು ನಾನು ನೋಡುತ್ತೇನೆ, ಹೊಲಿಗೆ ನೀನು ಹಾಕು. ಮಗು ನಿನ್ನ ತೊಡೆಯ ಮೇಲಿರಲಿ. ಒಂದೊಂದೇ ಪುಟ ತಿರುವುತ್ತಾ ಇಬ್ಬರಿಗೂ ನಾನೇ ಓದಿ ಹೇಳುತ್ತೇನೆ, ನಾಯಿ ಎಲ್ಲಿ ಅಡಗಿದೆ ಅಂತಲೂ.

ನಿನ್ನ ದಾರಿ ಕಾಯುತ್ತಿರುವ
ಗುಬ್ಬಿ

ತಾ.ಕ.: ನಿನ್ನ ಕಣ್ಣಿಗೋಸ್ಕರ ಕರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಹೋದ ತಿಂಗಳೇ ಡಾಕ್ಟರಮ್ಮ, "ಹಗಲು ಒಬ್ಬರೇ ಇರಬೇಡಿ, ನಿಮ್ಮ ತಾಯೀನ ಕರೆಸ್ಕೊಳ್ಳಿ" ಅಂದಿದ್ದರು. ನಿನಗೆ ಪ್ರೆಸ್ಸಿನ ಕೆಲಸವಿದೆಯೆಂದು ಬಾಯಿ ಮುಚ್ಚಿಕೊಂಡಿದ್ದೆ. ಈ ಕಾಗದವನ್ನು ಅಮ್ಮನಿಗೆ ಪಕ್ಕದ ಮನೆಯ ಟೀಚರ್ ಓದಿ ಹೇಳುತ್ತಿದ್ದರೆ, ಟೀಚರ್, ಇಷ್ಟು ದಪ್ಪ ಅಕ್ಷರವೂ ಕಾಣದಿದ್ದರೆ ಇನ್ನು ತಡ ಮಾಡಬೇಡಿ. ನಾಳೆಯೇ ಅವಳನ್ನು ಬಸ್ಸು ಹತ್ತಿಸಿ.