ಡೇಲ್‌ಗೆ ಎಸೆದ ಚೆಂಡು

ಹಾರ್ಲನ್ ಫೋರ್ಕ್, ಅಯೋವಾ
14 ಏಪ್ರಿಲ್ 1978

ಪ್ರೀತಿಯ ಮಿಲಾಗ್ರೋಸ್ ಅಕ್ಕನಿಗೆ,

ಇಂದು ಇಲ್ಲಿ ಈ ವರ್ಷದ ಬೇಸ್‌ಬಾಲ್ ಶುರುವಾಯಿತು. ಬೆಳಗ್ಗೆ ಮೈದಾನದ ಹಿಮ ಬಾಚಿದರು ಎಂದರೆ ನಮ್ಮ ದ್ವೀಪದಲ್ಲಿ ಯಾರೂ ನಂಬಲಾರರು. ಊರಿನವರೆಲ್ಲ ಕಂಬಳಿ ಹೊದ್ದು ಬಂದಿದ್ದರು.

ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಹೋದ ಆಗಸ್ಟ್‌ನಲ್ಲಿ ನಾನು ಎಸೆದ ಚೆಂಡು ಎದುರು ತಂಡದ ಡೇಲ್ ಎಂಬವನ ಕೆನ್ನೆಯ ಮೂಳೆ ಮುರಿದಿತ್ತು. ಇಂದು ಅವನೇ ಬ್ಯಾಟು ಹಿಡಿದು ನನ್ನೆದುರು ನಿಂತ. ಭಯದಲ್ಲಿ ಮೂರು ಚೆಂಡುಗಳನ್ನು ಅವನಿಂದ ಬಲುದೂರ ಎಸೆದೆ. "ಏನೋ, ಪಕ್ಕದೂರಿಗೆ ಎಸೀತಿದ್ದೀಯಾ?" ಎಂದು ಜನ ಕೂಗಿದರು. ನಾಲ್ಕನೆಯದನ್ನು ಉಸಿರು ಬಿಗಿಹಿಡಿದು ನೇರ ಎಸೆದೆ. ಅದು ಅವನ ಹತ್ತಿರಕ್ಕೂ ಹೋಗಲಿಲ್ಲ. ಆದರೂ ಡೇಲ್ ತಲೆ ಮುಚ್ಚಿಕೊಂಡು ನೆಲಕ್ಕೆ ಬಿದ್ದ. ಎಲ್ಲರೂ ನಕ್ಕರು.

ಆಟ ಮುಗಿದ ಮೇಲೆ ಡೇಲ್ ನನ್ನನ್ನು ಹುಡುಕಿಕೊಂಡು ಬಂದ. ಹೊಡೆಯುತ್ತಾನೆ ಎಂದುಕೊಂಡೆ.

"ನಾನು ಹಿಂಗೇ ಬಿದ್ರೆ ತಂಡದವರು ವಾರದೊಳಗೆ ನನ್ನ ಮನೆಗೆ ಕಳಿಸ್ತಾರೆ ಕಣೋ. ನಾಳೆ ಬೆಳಗ್ಗೆ ಯಾರೂ ಇಲ್ದಾಗ ಬಂದು ನಂಗೆ ಎಸಿ. ನಾನು ಅಲ್ಲಾಡದೆ ನಿಲ್ಲೋವರೆಗೂ ಎಸಿ."

"ಮತ್ತೆ ತಗುಲಿದ್ರೆ? ಬೇರೆ ಯಾರನ್ನಾದ್ರೂ ಕೇಳು."

"ಬೇರೆಯವರ ಚೆಂಡಿಗೆ ನಂಗೆ ಹೆದರಿಕೆ ಇಲ್ಲ."

ಒಪ್ಪಿಕೊಂಡುಬಿಟ್ಟೆ ಅಕ್ಕ.

ನನ್ನ ಭುಜದ ನೋವು ವಾಸಿಯಾಗಿದೆ. ಅಮ್ಮನಿಗೆ ಅಷ್ಟನ್ನು ಮಾತ್ರ ಓದಿ ಹೇಳು. ಈ ಕಾರ್ಡು ನಿನ್ನ ಕೈಸೇರುವ ಹೊತ್ತಿಗೆ ಏನಾಗಬೇಕೋ ಅದು ಆಗಿಹೋಗಿರುತ್ತದೆ. ಆದರೂ ಮಾತೆ ಮರಿಯಮ್ಮನ ಮುಂದೆ ಡೇಲ್ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚು.

ಅವಸರದಲ್ಲಿ,
ನಿನ್ನ ತಮ್ಮ ಎಲಾದಿಯೋ